ಲೈನಿನ ಕೊನೆಗೆ ಕೂರಿಸಿದ ವೋಲ್ಟೇಜ್ ಡಬ್ಬಿ: ಇಲ್ಲಿವರೆಗಿನ ಕೆಲಸ

ಮಾರ್ಚ್

ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಕಾಕಾನ ಹಿಟ್ಟಿನ ಗಿರಣಿ ಇದೆ. ಊರ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಹೊರಟ ಲೈನು ಅಲ್ಲಿಗೆ ಮುಗಿಯುತ್ತದೆ. ವೋಲ್ಟೇಜ್ ಅಳೆದು ಮೊಬೈಲಿಗೆ ಕಳಿಸೋ ನನ್ನ ಡಬ್ಬಿ ಕೂರಿಸೋಕೆ ಬೇಕಂತಲೇ ಆ ಜಾಗ ಆರಿಸಿದೆ. ಸಬ್‌ಸ್ಟೇಷನ್ನಿನಲ್ಲಿ 11 ಕೆವಿ (11 ಸಾವಿರ ವೋಲ್ಟ್) ಫೀಡರಿಗೆ, ಅಂದ್ರೆ ಊರುಗಳ ಟಿಸಿಗೆ ಕರೆಂಟ್ ಒಯ್ಯೋ ಲೈನಿಗೆ, ಮೀಟರ್ ಇರುತ್ತದೆ. ಫೀಡರ್ ಆನ್ ಇದೆಯಾ, ಎಷ್ಟು ಆಂಪಿಯರ್ ಎಳೀತಿದೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ. ಆದರೆ ಟಿಸಿ ದಾಟಿದ ಮೇಲೆ ಒಂದು ಫೇಸಿನ (ಕರೆಂಟ್ ತರೋ ಮೂರು ತಂತಿಗಳಲ್ಲಿ ಒಂದರ) ಫ್ಯೂಸ್ ಹೋದರೂ ಅಲ್ಲಿ ಫೀಡರ್ ಆನ್ ಅಂತಲೇ ಇರುತ್ತದೆ. ಅರ್ಧ ಊರು ಕತ್ತಲೆ, ಲೆಕ್ಕದಲ್ಲಿ ಮಾತ್ರ ಕರೆಂಟ್ ಇದೆ. ಅದಕ್ಕೇ ಅಳೆಯೋದಿದ್ದರೆ ಕೊನೆಯ ಮನೆಯಿಂದಲೇ ಅಳೀಬೇಕು ಅನ್ನೋದು ನನ್ನ ಹಟ.

ಡಬ್ಬಿಯೊಳಗೆ ಒಂದು ಇಎಸ್‌ಪಿ32 ಬೋರ್ಡ್ (ಪುಟ್ಟ ಕಂಪ್ಯೂಟರ್), ಫೇಸಿಗೊಂದರಂತೆ ವೋಲ್ಟೇಜ್, ಆಂಪಿಯರ್ ಅಳೆಯೋ ಮೂರು ಪಿಜೆಮ್-004ಟಿ ಮಾಡ್ಯೂಲ್, ಒಂದು 4ಜಿ ಮಾಡ್ಯೂಲ್, ಮೆಮೊರಿ ಕಾರ್ಡ್. ಜೊತೆಗೆ ಒಂದು ಲಿಥಿಯಂ ಸೆಲ್. ಕರೆಂಟ್ ಹೋದ ಕೂಡಲೇ 'ಹೋಯ್ತು' ಅಂತ ಹೇಳೋಕಾದರೂ ಡಬ್ಬಿಗೆ ಜೀವ ಇರಬೇಕಲ್ವಾ. ಇಂಥದ್ದೇ ಕೊನೆಯ ಸುದ್ದಿ ಕಳಿಸೋ ಏರ್ಪಾಡು ಹಲವು ಸ್ಮಾರ್ಟ್ ಮೀಟರುಗಳಲ್ಲೂ ಇದೆ. ಪ್ರತಿ ಫೇಸಿಗೂ ಫ್ಯೂಸ್ ಹಾಕಿ, ಮುಚ್ಚಳ ಸ್ಕ್ರೂ ಹಾಕಿ ಬಿಗಿ ಮಾಡಿದೆ. ಗಿರಣಿಗೆ ಮಕ್ಕಳೂ ಬರ್ತಾರೆ.

ಏಪ್ರಿಲ್

ಇಡೀ ಕೆಲಸಕ್ಕೆ ಅರ್ಥ ಬಂದದ್ದು ಈ ತಿಂಗಳು.

ಬೆಳಗಿನ ಹೊತ್ತು ಮೂರೂ ಫೇಸ್ (ಆರ್, ವೈ, ಬಿ) 230 ವೋಲ್ಟಿನ ಆಸುಪಾಸು ಇರ್ತಿತ್ತು. ಸಂಜೆ ಕೂಲರ್‌ಗಳು ಶುರುವಾದ ಮೇಲೆ ಆರ್ ಫೇಸ್ ಇಳಿಯುತ್ತದೆ, ಅದರಲ್ಲಿ ಮನೆಗಳು ಜಾಸ್ತಿ. ಅದು ಮಾಮೂಲಿ. ಮಾಮೂಲಿ ಅಲ್ಲದ್ದು ಉಳಿದ ಎರಡು ಫೇಸು. ಆರ್ 198ಕ್ಕೆ ಇಳಿದಾಗ ವೈ 250, ಬಿ 245. ತಕ್ಕಡಿಯ ಹಾಗೆ, ಒಂದು ಕಡೆ ಕೆಳಗೆ ಹೋದಷ್ಟೂ ಇನ್ನೊಂದು ಕಡೆ ಮೇಲೆ. ಟಿಸಿಗೆ ಲೋಡ್ ಜಾಸ್ತಿಯಾಗಿದ್ದರೆ ವೋಲ್ಟೇಜ್ ಇಳಿಯಬೇಕು ಅಷ್ಟೇ, ಬೇರೆ ಫೇಸ್ ಇಷ್ಟು ಏರೋಕೆ ಕಾರಣವಿಲ್ಲ. ಲೈನು ಉದ್ದ ಇದ್ದರೆ ಸ್ವಲ್ಪ ಏರುತ್ತದೆ, ನಿಜ. ಆದರೆ ಗ್ರಾಫಿನಲ್ಲಿ ಈ ಅಂತರ ವಾರದಿಂದ ವಾರಕ್ಕೆ ಬೆಳೀತಾ ಇತ್ತು.

ಮಲ್ಟಿಮೀಟರಿನಲ್ಲಿ ಫೇಸಿಂದ ಫೇಸಿಗೆ ನೋಡಿದೆ. ಮೂರೂ ಜೋಡಿಯಲ್ಲಿ 400ಕ್ಕೆ ಹತ್ತಿರ, ಒಂದರಲ್ಲೂ ಏರುಪೇರಿಲ್ಲ. ಅಂದ್ರೆ ಫೇಸ್ ತಂತಿಗಳು ಸರಿಯಾಗೇ ಇವೆ, ಜಾಗ ಬಿಟ್ಟು ಸರಿದಿರೋದು ನ್ಯೂಟ್ರಲ್, ಅಂದ್ರೆ ಮೂರೂ ಫೇಸಿನ ಕರೆಂಟ್ ವಾಪಸ್ ಹೋಗೋ ತಂತಿ. ಇದು ಸಣ್ಣ ಮಾತಲ್ಲ. ನ್ಯೂಟ್ರಲ್ ಪೂರ್ತಿ ಬಿಟ್ಟರೆ ಲೋಡ್ ಕಡಿಮೆ ಇರೋ ಫೇಸಿನ ಮನೆಗಳಿಗೆ 300 ದಾಟಿ, 400ರ ಹತ್ತಿರವೂ ಹೋಗಬಹುದು. ಟಿವಿ, ಫ್ರಿಜ್, ಬಲ್ಬು ಒಂದೇ ಏಟಿಗೆ ಸುಟ್ಟು ಹೋಗುತ್ತವೆ.

ಗ್ರಾಫ್ ತೋರಿಸಿದಾಗ ಲೈನ್‌ಮ್ಯಾನ್ ಅಣ್ಣ ಮೊಬೈಲ್ ಕೈಗೆ ತಗೊಂಡು, ಬೆರಳಿಂದ ದೊಡ್ಡದು ಮಾಡಿ ನೋಡಿದರು. 'ಇದು ನ್ಯೂಟ್ರಲ್‌ದೇ ಕೆಲಸ ಅದ ನೋಡ್ರಿ' ಅಂದರು. ಮರುದಿನ ಎಲ್‌ಸಿ ತಗೊಂಡು (ಲೈನ್ ಬಂದ್ ಮಾಡಿಸಿ) ಟಿಸಿ ಹತ್ತಿದರು. ಟಿಸಿಯಿಂದ ನ್ಯೂಟ್ರಲ್ ಹೊರಬರೋ ಬುಶಿಂಗಿನ ಬೋಲ್ಟ್ ಕೈಯಲ್ಲೇ ತಿರುಗುವಷ್ಟು ಸಡಿಲ. ತಂತಿಯ ತುದಿಗೆ ಹಾಕೋ ಲಗ್ಗು ಕಪ್ಪಾಗಿತ್ತು, ಅಲ್ಯೂಮಿನಿಯಂ ಎಳೆಗಳಲ್ಲಿ ಕೆಲವು ತುಂಡಾಗಿದ್ದವು. ನಮ್ಮ ಕಡೆ ಹಗಲು 40 ಡಿಗ್ರಿ ದಾಟುತ್ತದೆ, ರಾತ್ರಿ ಇಳಿಯುತ್ತದೆ. ದಿನಾ ಹಿಗ್ಗಿ ಕುಗ್ಗಿ ಇಂಥ ಜಾಯಿಂಟ್‌ಗಳು ಸಡಿಲಾಗುತ್ತವೆ. ಸಡಿಲಾದ ಮೇಲೆ ಬಿಸಿ ಇನ್ನೂ ಜಾಸ್ತಿ. ಅವರು ಕೆರೆದು, ಹೊಸ ಲಗ್ಗು ಹಾಕಿ ಬಿಗಿದರು. ಆ ಸಂಜೆ ಕೂಲರ್ ಎಲ್ಲಾ ಓಡ್ತಿದ್ದಾಗ: ಆರ್ 217, ವೈ 233, ಬಿ 231. ನನಗಂತೂ ಆ ಮೂರು ಅಂಕಿ ನೋಡಿ ಹಬ್ಬ ಆದಷ್ಟು ಖುಷಿ.

ಜೂನ್

ಪಿಜೆಮ್ ಫ್ರೀಕ್ವೆನ್ಸಿಯನ್ನೂ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಅನ್ನೋದನ್ನು) ತೋರಿಸುತ್ತದೆ, ಆದರೆ 0.1 ಹರ್ಟ್ಸ್ ಲೆಕ್ಕದಲ್ಲಿ. ಗ್ರಿಡ್ಡನ್ನು 49.90ರಿಂದ 50.05ರ ಒಳಗೆ ಇಡೋಕೆ ನೋಡ್ತಾರೆ, ಹಾಗಾಗಿ ಇದು ಸಾಲದು. ಒಂದು ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸೋ ಬಿಡಿಭಾಗ) ಹಾಕಿ ಅಲೆ ಸೊನ್ನೆ ದಾಟೋ ಹೊತ್ತನ್ನು ಬೋರ್ಡಿನಲ್ಲೇ ಅಳೆದೆ. ಬೋರ್ಡಿನ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 10ರಷ್ಟು ತಪ್ಪಿದರೂ ಬರೋ ವ್ಯತ್ಯಾಸ 0.0005 ಹರ್ಟ್ಸ್ ಮಾತ್ರ.

ಈ ಫ್ರೀಕ್ವೆನ್ಸಿ ನಮ್ಮೂರದ್ದಲ್ಲ, ಇಡೀ ದೇಶದ್ದು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನು ಸೇರಿದ ಮೇಲೆ ದಕ್ಷಿಣದ ಗ್ರಿಡ್ಡೂ ಉಳಿದ ದೇಶದ ಜೊತೆ ಒಂದೇ ತಾಳಕ್ಕೆ ಬಂತು. ನಮ್ಮ ಪಕ್ಕದಲ್ಲೇ ಆದ ಕೆಲಸ ಅದು. 2020ರ ಏಪ್ರಿಲ್ 5ರ ರಾತ್ರಿ ದೇಶದಲ್ಲೆಲ್ಲ ದೀಪ ಆರಿಸಿದಾಗ 31 ಸಾವಿರ ಮೆಗಾವ್ಯಾಟ್‌ನಷ್ಟು ಬೇಡಿಕೆ ಇಳಿಯಿತು, ಫ್ರೀಕ್ವೆನ್ಸಿ 50.26ರವರೆಗೆ ಏರಿತು. ದೊಡ್ಡ ಸ್ಟೇಷನ್‌ಗಳಲ್ಲಿ ಇದನ್ನು ನೋಡೋಕೆ ಪಿಎಂಯು ಅನ್ನೋ ಯಂತ್ರಗಳಿವೆ. ಜಿಪಿಎಸ್ ಗಡಿಯಾರಕ್ಕೆ ಹೊಂದಿಸಿಕೊಂಡು ಸೆಕೆಂಡಿಗೆ 25 ಸಲ, ಕೆಲವು ಕಡೆ 50 ಸಲ ಲೆಕ್ಕ ಕಳಿಸುತ್ತವೆ.

ನನಗೆ ಇದರಿಂದ ಬೇರೆಯದೇ ಲಾಭ ಆಯ್ತು. ಅದೇ ಸರ್ಕ್ಯೂಟು ಪ್ರತಿ 10 ಮಿಲಿಸೆಕೆಂಡಿಗೆ ಒಂದು ಗುರುತು ಕೊಡುತ್ತದೆ. ಗುರುತು ತಪ್ಪಿತು ಅಂದ್ರೆ ಕರೆಂಟ್ ಮಿಟುಕಿದೆ. ಮುಂಗಾರಿನ ಗಾಳಿಗೆ ಕೊಂಬೆ ತಾಗಿ ಹೀಗೆ ಹೋಗಿ ಬರೋದು ಸುಮಾರು ಸಲ ಸಿಕ್ಕಿತು. ಎಂಜಿನಿಯರುಗಳ ಸಂಘ ಐಇಇಇಯ ಹೆಸರಾಂತ 1366 ಮಾನದಂಡ 5 ನಿಮಿಷಕ್ಕಿಂತ ಹೆಚ್ಚು ಹೋದದ್ದನ್ನೇ ದೊಡ್ಡ ಅಡಚಣೆ ಅಂತ ಎಣಿಸುತ್ತದೆ, ಚಿಕ್ಕವಕ್ಕೆ ಬೇರೆ ಲೆಕ್ಕ. ಆದರೆ ಗಿರಣಿಯ ಮೋಟರಿಗೆ ಅರ್ಧ ಸೆಕೆಂಡೂ ಸಾಕು. ಸ್ಟಾರ್ಟರ್ ಬೀಳುತ್ತದೆ, ಹಿಟ್ಟು ಕಲ್ಲಿನ ನಡುವೆ ನಿಲ್ಲುತ್ತದೆ.

ಮುಂದಿನ ಕೆಲಸ

ಮೋಟರ್ ಓಡ್ತಿರುವಾಗ ಫೇಸಿಗೆ 12 ಆಂಪಿಯರ್. ನಿಂತಿದ್ದಾಗಿನ ವೋಲ್ಟೇಜಿಗಿಂತ ಆಗ 6 ವೋಲ್ಟ್ ಕಡಿಮೆ ಇರುತ್ತದೆ. 6ನ್ನು 12ರಿಂದ ಭಾಗಿಸಿದರೆ ಅರ್ಧ ಓಮ್. ಟಿಸಿಯಿಂದ ಗಿರಣಿವರೆಗಿನ ದಾರಿಯ ಒಟ್ಟು ತಡೆ ಹೆಚ್ಚೂ ಕಡಿಮೆ ಅಷ್ಟೇ. ನ್ಯೂಟ್ರಲ್ ಹಾಳಾದರೆ ಫೇಸುಗಳ ಅಂತರ ಹೇಳುತ್ತದೆ, ಫೇಸ್ ತಂತಿಯ ಜಾಯಿಂಟ್ ಹಾಳಾದರೆ ಈ ಓಮ್ ಹೇಳುತ್ತದೆ. ಕಾಕಾ ದಿನಾ ಗಿರಣಿ ಹಚ್ಚೇ ಹಚ್ತಾರೆ, ಹಾಗಾಗಿ ಪರೀಕ್ಷೆ ತಾನಾಗೇ ಆಗುತ್ತದೆ. ಅದಕ್ಕೆ ಕೋಡ್ ಬರೀತಾ ಇದ್ದೀನಿ. ಓಮ್ 0.7 ದಾಟಿದರೆ ನನಗೂ ಲೈನ್‌ಮ್ಯಾನ್ ಅಣ್ಣನಿಗೂ ಮೆಸೇಜ್ ಹೋಗಬೇಕು. ನಂಬರ್ ಹಾಕು ಅಂತ ಅವರೇ ಹೇಳಿದ್ದಾರೆ.