ಓಮ್ನಿಯ ಫ್ರಿಜ್ ಕಡೆಗೂ ರಾತ್ರಿಯಿಡೀ ಓಡಿತು

ಇವತ್ತು ಬೆಳಿಗ್ಗೆ ಆರಕ್ಕೆ ಫ್ರಿಜ್ ಮುಚ್ಚಳ ತೆಗೆದೆ. ಒಳಗಿನ ಥರ್ಮಾಮೀಟರ್ 5 ಡಿಗ್ರಿ ತೋರಿಸುತ್ತಿತ್ತು. ಮಲಗಿದ್ದ ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಬಾಗಲಕೋಟೆ ಹತ್ತಿರದ ಹೆರಕಲ್ ಹಿನ್ನೀರಿನ ದಂಡೆಯಲ್ಲಿ ನಿಂತು ಇಬ್ಬರೂ ತಣ್ಣನೆಯ ಮಜ್ಜಿಗೆ ಕುಡಿದೆವು. ಹನ್ನೊಂದು ದಿನದ ಗುದ್ದಾಟ ಮುಗಿಯಿತು.

ನಮ್ಮ ಓಮ್ನಿ ವ್ಯಾನನ್ನು ರಾತ್ರಿ ಮಲಗಿ ತಿರುಗಾಡುವಂಥ ಗಾಡಿ ಮಾಡಿಕೊಂಡಿದ್ದೇವೆ. ಮಂಚದ ಹಲಗೆ, 100 ವ್ಯಾಟ್ ಸೋಲಾರ್ ಪ್ಯಾನೆಲ್, ಲಿಥಿಯಂ ಬ್ಯಾಟರಿ, ಇವೆಲ್ಲ ಇಂಥ ಗಾಡಿ ಮಾಡುವವರಿಗೆ ಗೊತ್ತಿರುವ ಕೆಲಸಗಳೇ. ಅದನ್ನೆಲ್ಲ ಬಿಡುತ್ತೇನೆ. ಫ್ರಿಜ್ ಕತೆ ಮಾತ್ರ ಹೇಳಲೇಬೇಕು.

ನಮಗೆ ಫ್ರಿಜ್ ಶೋಕಿಗಲ್ಲ. ಇವರು ಇನ್ಸುಲಿನ್ ತಗೊಳ್ತಾರೆ. ಸೀಲ್ ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಏಪ್ರಿಲ್ ಬಂತೆಂದರೆ ಬಾಗಲಕೋಟೆಯಲ್ಲಿ 40 ಡಿಗ್ರಿ ಬಿಸಿಲು, ಮುಚ್ಚಿದ ಗಾಡಿಯೊಳಗೆ ಕೇಳಲೇಬೇಡಿ. ಐಸ್ ಡಬ್ಬಿಯಲ್ಲಿಟ್ಟರೆ ಇನ್ನೊಂದು ಭಯ. ಐಸ್‌ಗೆ ತಾಗಿ ಹೆಪ್ಪುಗಟ್ಟಿದರೆ ಔಷಧ ಕೆಟ್ಟಿತು ಅಂತಲೇ ಲೆಕ್ಕ. ಹೀಗಾಗಿ ರಿಟೈರ್ ಆದ ಮೇಲೂ ನಮ್ಮ ತಿರುಗಾಟವೆಲ್ಲ ಮಧ್ಯಾಹ್ನದೊಳಗೆ ಮನೆ ಸೇರುವ ತಿರುಗಾಟವೇ ಆಗಿತ್ತು. ಆಲಮಟ್ಟಿಗೆ ಹೋದರೂ ಓಟ, ಕೂಡಲಸಂಗಮಕ್ಕೆ ಹೋದರೂ ಓಟ.

ಗಾಡಿಗೆ ಫ್ರಿಜ್ ಕೂಡಿಸಿದ ಮೇಲೆ ಮೊದಲ ಸಲ ರಾತ್ರಿ ಕೂಡಲಸಂಗಮದಲ್ಲಿ ಉಳಿದೆವು. ಸಂಜೆ ಬಾವಿಯಂಥ ಕಟ್ಟಡದೊಳಗೆ ಇಳಿದು ಐಕ್ಯಮಂಟಪ ನೋಡಿ ಬಂದೆವು. ಕೃಷ್ಣೆ, ಮಲಪ್ರಭೆ ಸೇರುವಲ್ಲಿ ಕತ್ತಲಾಗುವವರೆಗೂ ಕೂತಿದ್ದೆವು. ರಾತ್ರಿ ಎರಡಕ್ಕೆ ಫ್ರಿಜ್ ಬಂದ್! ಬ್ಯಾಟರಿ ಮುಕ್ಕಾಲು ತುಂಬಿತ್ತು. ಬೆಳಗಾಗುವ ಮೊದಲೇ ಮನೆಗೆ ಓಡಿದೆವು.

ಆಮೇಲೆ ಶುರುವಾಯಿತು. ಮೊದಲು ಬ್ಯಾಟರಿ ಮೇಲೆ ಅನುಮಾನ. ಪರೀಕ್ಷೆ ಮಾಡಿದರೆ ಅದು ಗಟ್ಟಿಯಾಗಿತ್ತು. ಫ್ರಿಜ್ ಮಾರಿದವರಿಗೆ ಫೋನ್ ಮಾಡಿದರೆ 'ಗ್ಯಾಸ್ ಕಮ್ಮಿ ಆಗಿರಬೇಕು ಮೇಡಂ, ಕೊರಿಯರ್ ಮಾಡಿ' ಅಂದರು. ಗ್ಯಾಸ್ ಕಮ್ಮಿಯಾಗಿದ್ದರೆ ಮನೆಯ ಅಡಾಪ್ಟರ್‌ಗೆ ಹಾಕಿದಾಗ ಹೇಗೆ ತಣ್ಣಗಾಗುತ್ತದೆ? ಇದಕ್ಕೆ ಉತ್ತರವಿಲ್ಲ. ಮೂರು ದಿನ ಅದರಲ್ಲೇ ಹಾಳಾಯಿತು.

ದಾರಿ ತೋರಿಸಿದವರು ಇವರೇ. ಕಂಪ್ರೆಸರ್ ಶುರುವಾದಾಗೆಲ್ಲ ಅದೇ ವೈರಿಗೆ ಹಾಕಿದ್ದ ಎಲ್‌ಇಡಿ ದೀಪ ಮಂಕಾಗುವುದನ್ನು ನೋಡಿದರು. 'ಇದು ಕಾಲುವಿ ತುದಿ ಹೊಲದ ಕತಿ ಆಗೇತಿ ನೋಡ. ಮ್ಯಾಲೆ ನೀರು ಬಿಟ್ಟಾರ, ನಮ್ಮ ಹೊಲಕ್ಕ ಮುಟ್ಟವಲ್ದು' ಅಂದರು. ಇವರ ತಮ್ಮನ ಹೊಲ ಇರುವುದೇ ಕಾಲುವೆಯ ತುದಿಯಲ್ಲಿ. ಎಷ್ಟೋ ಬೇಸಿಗೆ ಆ ನೀರಿನ ದಾರಿ ಕಾದವರು ಇವರು.

ಮೂವತ್ತು ವರ್ಷ ಮಕ್ಕಳಿಗೆ ಓಮ್‌ನ ನಿಯಮ ಕಲಿಸಿದ ನನಗೆ ಅಷ್ಟು ಸಾಕಾಯಿತು. ವೋಲ್ಟೇಜ್ ವೈರಿನ ದಾರಿಯಲ್ಲೇ ಬೀಳುತ್ತಿರಬೇಕು. ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ ಹತ್ತಿರ 13.1 ವೋಲ್ಟ್. ಫ್ರಿಜ್ ಹತ್ತಿರ 11.6. ಕಂಪ್ರೆಸರ್ ಎದ್ದ ಕ್ಷಣಕ್ಕೆ ಇನ್ನೂ ಕೆಳಗೆ. ನಮ್ಮ ಫ್ರಿಜ್ 11.1ಕ್ಕೆ ಇಳಿದರೆ ಬ್ಯಾಟರಿ ಉಳಿಸಲೆಂದು ತಾನೇ ಬಂದ್ ಆಗುತ್ತದೆ. ಬ್ಯಾಟರಿ ಖಾಲಿ ಅಂದುಕೊಂಡು ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು!

ಈಗ ಲೆಕ್ಕ. ಹೋಗಿ ಬರುವ ವೈರ್ ಸೇರಿ 8 ಮೀಟರ್. ಫ್ರಿಜ್ ಎಳೆಯುವುದು 5 ಆಂಪ್. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಆದರೆ 0.28 ವೋಲ್ಟ್ ಮಾತ್ರ ಬೀಳಬೇಕು. ಇಲ್ಲಿ ಬೀಳುತ್ತಿದ್ದದ್ದು 1.5. ತುದಿ ಕತ್ತರಿಸಿ ಎಳೆಗಳನ್ನು ಬ್ಲೇಡಿನಿಂದ ಕೆರೆದೆ. ಒಳಗೆ ಬೆಳ್ಳಗೆ! ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಸಾಲದ್ದಕ್ಕೆ ಪ್ಲಾಸ್ಟಿಕ್ ಸಿಪ್ಪೆ ದಪ್ಪ, ಒಳಗಿನ ಎಳೆ ಸಣ್ಣ. ಶುದ್ಧ ತಾಮ್ರ ಅಂತ ಹೇಳಿ ದುಡ್ಡು ತಗೊಂಡ ಅಂಗಡಿಯವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಔಷಧ ಕೆಡುವುದಷ್ಟೇ ಅಲ್ಲ, ಇಂಥ ವೈರ್ ಕಾದು ಬೆಂಕಿ ಹತ್ತಿದರೆ? ದಯವಿಟ್ಟು ಕೆರೆದು ನೋಡಿಯೇ ತಗೊಳ್ಳಿ.

ಹೊಸದಾಗಿ 6 ಚದರ ಮಿಲಿಮೀಟರ್ ತಾಮ್ರ ಎಳೆದೆ. ಫ್ರಿಜ್ ಚುಚ್ಚಿದ್ದ ಸಿಗರೇಟ್ ಲೈಟರ್ ಸಾಕೆಟ್ ಕಿತ್ತು, ವೈರ್ ತುದಿಗೆ ಲಗ್ (ಲೋಹದ ತುದಿ) ಒತ್ತಿ ನೇರ ಜೋಡಿಸಿದೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಈಗ ಫ್ರಿಜ್ ಹತ್ತಿರ 12.9.

ಹೆರಕಲ್‌ನಲ್ಲಿ ನೀರು ಇಳಿದು ಕೆಸರು ಮೇಲೆ ಬಂದಿದೆ. ಆ ಕೆಸರಿನಲ್ಲೇ ಫ್ಲೆಮಿಂಗೊಗಳ ಊಟ. ಕೊಕ್ಕು ತಲೆಕೆಳಗೆ ಮಾಡಿ ಸೋಸುತ್ತಾ ನಡೆಯುತ್ತವೆ. ನಾವು ಸ್ವಲ್ಪ ಹತ್ತಿರ ಹೋದರೂ ಸಾಲಾಗಿ ದೂರ ಸರಿಯುತ್ತವೆ. ಅದಕ್ಕೇ ಮುಂದಿನ ಕೆಲಸ ಗಟ್ಟಿ ಮಾಡಿದ್ದೇವೆ. ಹಕ್ಕಿಗಳಿಗೆ ಕಾಣದಂತೆ ಕೂರಲು, ಮಡಚುವ ಚೌಕಟ್ಟಿಗೆ ಜೋಳದ ಕಣಿಕೆ ಕಟ್ಟಿ ಒಂದು ಮರೆ. ಕಣಿಕೆ ತಮ್ಮನ ಹೊಲದಲ್ಲಿ ಒಟ್ಟಿದೆ, ಅದಕ್ಕೆ ಯಾವ ಅಂಗಡಿಯವರೂ ಬೇಡ. ಓಮ್ನಿ ಕ್ಯಾರಿಯರ್ ಮೇಲೆ ಪ್ಯಾನೆಲ್ ಪಕ್ಕ ಹಿಡಿಯಬೇಕು ಅಂದರೆ ಅಗಲ ಎರಡು ಅಡಿ ಮೀರಬಾರದು. ಇವರು ಈಗಾಗಲೇ ಹಗ್ಗ ಹಿಡಿದು ಅಳೆಯುತ್ತಿದ್ದಾರೆ.

ಇವತ್ತು ಮನೆಗೆ ಹೋಗುವುದಿಲ್ಲ. ನಾಳೆಯೂ ಇಲ್ಲ.