ವಾರಪೂರ್ತಿ ರೆಸ್ಲಿಂಗ್ ನೋಡೋಕೆ ಇನ್ನು ಆಗಲ್ಲ

ಸೋಮವಾರ ರಾ, ಮಂಗಳವಾರ ಎನ್‌ಎಕ್ಸ್‌ಟಿ, ಬುಧವಾರ ಎಇಡಬ್ಲ್ಯೂ ಡೈನಮೈಟ್, ಶುಕ್ರವಾರ ಸ್ಮ್ಯಾಕ್‌ಡೌನ್, ಶನಿವಾರ ಕೊಲಿಷನ್. ರಾ, ಎನ್‌ಎಕ್ಸ್‌ಟಿ, ಸ್ಮ್ಯಾಕ್‌ಡೌನ್ ಡಬ್ಲ್ಯೂಡಬ್ಲ್ಯೂಇ ಕಂಪನಿಯವು, ಡೈನಮೈಟ್, ಕೊಲಿಷನ್ ಅದರ ಎದುರಾಳಿ ಎಇಡಬ್ಲ್ಯೂದವು, ಎಲ್ಲಾ ಕಥೆ ಕಟ್ಟಿ ಆಡಿಸೋ ರೆಸ್ಲಿಂಗ್ ಶೋಗಳೇ. ಈ ದಿನಗಳು ಅಮೆರಿಕಾದ ಲೆಕ್ಕ, ನಮಗೆ ಲೈವ್ ಬೇಕಂದ್ರೆ ಮಾರನೇ ದಿನ ಬೆಳಗ್ಗೆ ಏಳಬೇಕು. ಎಲ್ಲಾ ಕೂಡಿಸಿದ್ರೆ ವಾರಕ್ಕೆ ಹತ್ತು ಗಂಟೆ ದಾಟುತ್ತೆ, ಮೇಲೆ ದೊಡ್ಡ ಶೋಗಳು ಬೇರೆ. ಐಪಿಎಲ್ ಆದ್ರೂ ಎರಡು ತಿಂಗಳಲ್ಲಿ ಮುಗಿಯುತ್ತೆ, ಇದಕ್ಕೆ ಆಫ್ ಸೀಸನ್ನೇ ಇಲ್ಲ, ವರ್ಷಕ್ಕೆ 52 ವಾರಾನೂ ನಡೀತಾನೇ ಇರುತ್ತೆ.

ರಾ 1993ರಲ್ಲಿ ಶುರುವಾದಾಗ ಬರೀ ಒಂದು ಗಂಟೆ. 1997ರಲ್ಲಿ ಎರಡಾಯ್ತು, 2012ರಲ್ಲಿ ಸಾವಿರನೇ ಎಪಿಸೋಡ್‌ನಿಂದ ಮೂರು. ಆ ಮೂರನೇ ಗಂಟೆ ತುಂಬಿಸೋಕೆ ಏನು ಮಾಡ್ತಾರೆ ಅಂದ್ರೆ, ಹೋದ ವಾರ ಆಡಿದ ಇಬ್ಬರನ್ನೇ ಈ ವಾರಾನೂ ಆಡಿಸ್ತಾರೆ, ಮುಂದಿನ ವಾರ ಇಬ್ಬಿಬ್ಬರ ಟ್ಯಾಗ್ ಟೀಮ್ ಮಾಡಿ ಮತ್ತೆ ಅವರನ್ನೇ ತರ್ತಾರೆ, ಕೊನೆಗೆ ದೊಡ್ಡ ಶೋನಲ್ಲಿ ಅದೇ ಮ್ಯಾಚ್ ಬಂದಾಗ ನೋಡೋಕೆ ಏನೂ ಉಳಿದಿರಲ್ಲ.

ಡಬ್ಲ್ಯೂಡಬ್ಲ್ಯೂಇಯ ವರ್ಷದ ಅತಿ ದೊಡ್ಡ ಶೋ, 2019ರ ರೆಸಲ್‌ಮೇನಿಯಾ 35 ನೆನಪಿದ್ಯಾ? ಮುಖ್ಯ ಶೋಗೂ ಮುಂಚಿನ ಪ್ರೀಶೋ ಸೇರಿ 16 ಮ್ಯಾಚ್, ಏಳು ಗಂಟೆಗೂ ಜಾಸ್ತಿ. ಕೋಫಿ ಕಿಂಗ್‌ಸ್ಟನ್ ಡೇನಿಯಲ್ ಬ್ರಯಾನ್‌ನ ಸೋಲಿಸಿ ಟೈಟಲ್ ಗೆದ್ದಾಗ ಆ ಸ್ಟೇಡಿಯಂ ಹೇಗೆ ಕುಣೀತು! ಅದೇ ಜನ, ಬೆಕಿ ಲಿಂಚ್, ರೋಂಡಾ ರೌಸಿ, ಶಾರ್ಲಟ್ ಫ್ಲೇರ್ ರಿಂಗಿಗೆ ಬರೋ ಹೊತ್ತಿಗೆ ಸುಸ್ತಾಗಿ ಕೂತಿದ್ರು, ಗಂಟೆ ಹನ್ನೆರಡು ದಾಟಿತ್ತು ಅಲ್ಲಿ. ರೆಸಲ್‌ಮೇನಿಯಾ ಇತಿಹಾಸದಲ್ಲೇ ಹೆಣ್ಮಕ್ಕಳು ಮೊದಲ ಸಲ ಮೇನ್ ಇವೆಂಟ್, ಅಂದ್ರೆ ಕೊನೆಯ ಮುಖ್ಯ ಮ್ಯಾಚ್ ಆಡಿದ್ದು, ಅವರಿಗೆ ಸಿಗಬೇಕಾದ ಗೌರವ ಬರೀ ಟೈಮ್ ಜಾಸ್ತಿ ಆಗಿದ್ದಕ್ಕೆ ಸಿಗ್ಲಿಲ್ಲ. ಇವತ್ತಿಗೂ ಬೇಜಾರಾಗುತ್ತೆ ನಂಗೆ.

ವಾರ ವಾರ ಕಥೆ ಹೇಳೋದೇ ತಪ್ಪು ಅಂತ ಅಲ್ಲ ನಾನು ಹೇಳ್ತಿರೋದು. ಸ್ಯಾಮಿ ಝೇನ್ ಅನ್ನೋ ರೆಸ್ಲರ್, ರೋಮನ್ ರೇನ್ಸ್ ಮತ್ತವನ ಕುಟುಂಬದವರ ಗುಂಪು ಬ್ಲಡ್‌ಲೈನ್ ಒಳಗೆ ಸೇರ್ಕೊಂಡ ಕಥೆ ತಿಂಗಳುಗಟ್ಟಲೆ ನಡೀತು, 2023ರ ರಾಯಲ್ ರಂಬಲ್ ಅನ್ನೋ ದೊಡ್ಡ ಶೋನಲ್ಲಿ ಸ್ಯಾಮಿಯ ಹಳೇ ಗೆಳೆಯ ಕೆವಿನ್ ಓವೆನ್ಸ್ ಕೈಗೆ ಬೇಡಿ ಹಾಕಿ ಹಗ್ಗಕ್ಕೆ ಕಟ್ಟಿ, ಹೊಡಿ ಅಂತ ರೋಮನ್ ರೇನ್ಸ್ ಸ್ಯಾಮಿ ಕೈಗೆ ಕುರ್ಚಿ ಕೊಟ್ಟ. ಸ್ಯಾಮಿ ಹೊಡೆದಿದ್ದು ರೋಮನ್ ಬೆನ್ನಿಗೆ. ಆಮೇಲೆ ಗುಂಪಿನವರೆಲ್ಲಾ ಸ್ಯಾಮಿ ಮೇಲೆ ಬಿದ್ರೂ ಅವರಲ್ಲೊಬ್ಬನಾದ ಜೇ ಉಸೋ ಮಾತ್ರ ಕೈ ಎತ್ತದೆ ಎದ್ದು ಹೋದ. ಆ ಕಥೆಗೆ ಬೇಕಾಗಿದ್ದು ವಾರಕ್ಕೆ ಇಪ್ಪತ್ತು ನಿಮಿಷ ಅಷ್ಟೇ.

2025ರಿಂದ ರಾ ನೆಟ್‌ಫ್ಲಿಕ್ಸ್‌ನಲ್ಲಿದೆ, ಟಿವಿ ಚಾನೆಲ್ ಸ್ಲಾಟ್ ತುಂಬಿಸೋ ಕಟ್ಟುಪಾಡಿಲ್ಲ. ಹೇಳೋಕೆ ಕಥೆ ಕಮ್ಮಿ ಇರೋ ವಾರ ಒಂದೂವರೆ ಗಂಟೆಗೇ ಮುಗಿಸ್ಲಿ, ನಾನಂತೂ ಬೆಳಗ್ಗೆ ಎದ್ದು ಪೂರ್ತಿ ನೋಡ್ತೀನಿ. ಅಲ್ಲಿವರೆಗೂ ಡೈನಮೈಟ್ ಒಂದು, ತಿಂಗಳ ದೊಡ್ಡ ಶೋ ಒಂದು, ಅಷ್ಟೇ ಸಾಕು ಅಂತ ತೀರ್ಮಾನ ಮಾಡಿದೀನಿ.