ಕಾರಿನ ಬೆಲೆ ಕಡಿಮೆ ಬರೆದು ನಾನು ಕಲಿತದ್ದು

ಕಾರ್ ಇನ್ಶೂರೆನ್ಸ್ ಪಾಲಿಸಿ ನವೀಕರಿಸುವ ರಿನ್ಯೂವಲ್ ಡೆಸ್ಕ್‌ಗೆ ಫೋನ್ ಮಾಡುವವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಹೋದ ವರ್ಷಕ್ಕಿಂತ ಜಾಸ್ತಿ ಬಂದಿದೆಯಲ್ಲ, ಸ್ವಲ್ಪ ಇಳಿಸಿಕೊಡಿ."

ಕಾರ್ ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಸೇರಿದ ಹೊಸತರಲ್ಲಿ ಇದಕ್ಕೆ ನನಗೆ ಗೊತ್ತಿದ್ದ ಉಪಾಯ ಒಂದೇ. ಸ್ಕ್ರೀನ್ ಮೇಲೆ ಕಾರಿನ ಬೆಲೆ ಬರೆಯುವ ಜಾಗ ಇತ್ತು. ಒಂದು ಮಿತಿಯೊಳಗೆ ಅದನ್ನು ನಾವು ಏರಿಸಬಹುದಿತ್ತು, ಇಳಿಸಬಹುದಿತ್ತು. ಇಳಿಸಿದ ಕೂಡಲೇ ಪ್ರೀಮಿಯಂ ಇಳಿಯುತ್ತಿತ್ತು. ಗ್ರಾಹಕರು ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತಿದ್ದರು. ಆರು ನಿಮಿಷದೊಳಗೆ ಕಾಲ್ ಮುಗಿಸಬೇಕು ಎಂಬ ಟಾರ್ಗೆಟ್ ಬೇರೆ ಇತ್ತು. ಎಲ್ಲರಿಗೂ ಖುಷಿ.

ಹೀಗೆ ಬೆಲೆ ಇಳಿಸಿಕೊಟ್ಟವರಲ್ಲಿ ಒಬ್ಬರು ನಿವೃತ್ತರಾದ ಹಿರಿಯರು. ಎಂಟು ತಿಂಗಳ ನಂತರ ಅವರ ಕಾರು ಕಳುವಾಯಿತು. ಮತ್ತೆ ಸಿಗಲಿಲ್ಲ. ನಮ್ಮ ಪಾಲಿಸಿಯಲ್ಲಿ ಬರೆದ ಬೆಲೆಗಿಂತ ಜಾಸ್ತಿ ಕೊಡುವಂತಿರಲಿಲ್ಲ. ಅವರು ನನ್ನನ್ನೇ ಹುಡುಕಿ ಫೋನ್ ಮಾಡಿದರು. ಬೈಯಲಿಲ್ಲ. "ನೋಡಮ್ಮ, ಕಡಿಮೆ ಮಾಡೋಣ ಅಂತ ನೀವೇ ಹೇಳಿದ್ರಿ. ಇಷ್ಟರಲ್ಲಿ ಅಂಥದ್ದೇ ಹಳೇ ಕಾರೂ ಬರಲ್ಲ," ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆ ಸಂಜೆ ಲೆಕ್ಕ ಹಾಕಿ ನೋಡಿದೆ. ಕಾರಿನ ಬೆಲೆ 100 ಅಂತಿಟ್ಟುಕೊಳ್ಳಿ. ನಾನು ಬರೆದದ್ದು 80. ಅದರಿಂದ ಆ ವರ್ಷ ಅವರಿಗೆ ಪ್ರೀಮಿಯಂನಲ್ಲಿ ಉಳಿದದ್ದು ಬರೀ 0.5. ಕಳೆದುಕೊಂಡದ್ದು 20. ನಲವತ್ತು ವರ್ಷ ಉಳಿಸಿದರೆ ಮಾತ್ರ ತುಂಬುವ ಹಳ್ಳ ಅದು.

ಕ್ಲೇಮ್ ವಿಭಾಗದಲ್ಲಿದ್ದ ಒಬ್ಬ ಹಿರಿಯ ಮೇಡಂ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಆ ವಾರದ ಫೈಲುಗಳನ್ನು ಮುಂದಿಟ್ಟು, "ಓದು" ಅಂದರು. ಗೀರಿದ ಬಾಗಿಲು. ಒಡೆದ ಕನ್ನಡಿ. ಪಾರ್ಕಿಂಗ್‌ನಲ್ಲಿ ಕಂಬಕ್ಕೆ ತಾಗಿದ ಬಂಪರ್. ಮತ್ತೆ ಬಂಪರ್. ದೊಡ್ಡ ನಷ್ಟದ ಫೈಲು ಬೆರಳೆಣಿಕೆಯಷ್ಟು. ಬಂಪರ್ ಆದರೂ ಫೈಲು ತೆರೆಯಬೇಕು, ಹಾನಿ ಪರಿಶೀಲಿಸಬೇಕು, ಗ್ಯಾರೇಜಿನ ಬಿಲ್ ನೋಡಬೇಕು, ನಾಲ್ಕು ಸಲ ಫೋನಿನಲ್ಲಿ ಮಾತಾಡಬೇಕು. ಬಂಪರಿನ ಬೆಲೆಗೆ ಈ ಓಡಾಟದ ಖರ್ಚೂ ಸೇರುತ್ತದೆ. ಅದೆಲ್ಲ ಕೊನೆಗೆ ಬರುವುದು ಪ್ರೀಮಿಯಂ ಕಟ್ಟುವವರ ತಲೆಗೇ ಅಲ್ವಾ? "ಈ ಸಣ್ಣದನ್ನ ನಾನೇ ನೋಡ್ಕೋತೀನಿ ಅನ್ನೋರಿಗೆ ಕಂಪನಿ ರಿಯಾಯಿತಿ ಕೊಡೋದು ಅದಕ್ಕೇ. ನೀನು ಹೋಗಿ ಹೋಗಿ ದೊಡ್ಡದನ್ನೇ ಕತ್ತರಿಸಿದೆ," ಅಂದರು.

ಅಲ್ಲಿಂದಾಚೆ ನಾನು ಕೇಳುವ ಮೊದಲ ಪ್ರಶ್ನೆ ಬದಲಾಯಿತು. "ನಾಳೆ ಕಾರಿಗೆ ಏಟು ಬಿದ್ದರೆ, ಸಾಲ ಮಾಡದೆ ಕೈಯಿಂದ ಎಷ್ಟು ಹಾಕಬಲ್ಲಿರಿ?" ಡಿಡಕ್ಟಿಬಲ್ ಅಂದರೆ ಅಷ್ಟೇ. ಪ್ರತಿ ಕ್ಲೇಮ್‌ನಲ್ಲಿ ಮೊದಲ ಇಷ್ಟು ಭಾಗ ನಿಮ್ಮದು, ಉಳಿದದ್ದು ಕಂಪನಿಯದು. ಈ ಭಾಗ ಹೆಚ್ಚಿಸಿದರೆ ಪ್ರೀಮಿಯಂ ಇಳಿಯುತ್ತದೆ. ಆದರೆ ಕಣ್ಣು ಮುಚ್ಚಿ ಹೆಚ್ಚಿಸುವಂತಿಲ್ಲ. ಹೆಚ್ಚುವರಿಯಾಗಿ ಹೊರುವ ಮೊತ್ತವನ್ನು ವರ್ಷಕ್ಕೆ ಉಳಿಯುವ ಮೊತ್ತದಿಂದ ಭಾಗಿಸಿ ನೋಡಬೇಕು. 100 ಹೆಚ್ಚು ಹೊತ್ತು ವರ್ಷಕ್ಕೆ 30 ಉಳಿದರೆ, ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಕ್ಲೇಮ್ ಇಲ್ಲದಿದ್ದರೆ ಸಾಕು. ಅದೇ 100ಕ್ಕೆ ವರ್ಷಕ್ಕೆ 8 ಮಾತ್ರ ಉಳಿಯುವುದಾದರೆ ಹನ್ನೆರಡೂವರೆ ವರ್ಷ ಕಾಯಬೇಕು. ಅಷ್ಟರಲ್ಲಿ ಕಾರೇ ಮಾರಿರುತ್ತೀರಿ. ಇಂಥ ರಿಯಾಯಿತಿ ಬೇಡ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ.

ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅದರ ವಿಷಯಕ್ಕೂ ಇದೇ ಲೆಕ್ಕ. ಜನ ಗೀರು ಬಿದ್ದ ದಿನವೇ ಫೋನ್ ಮಾಡುತ್ತಾರೆ. ಮೊದಲು ಗ್ಯಾರೇಜಿನಲ್ಲಿ ಎಷ್ಟಾಗುತ್ತದೆ ಕೇಳಿ. ರಿಪೇರಿಗೆ 100, ನಿಮ್ಮ ಡಿಡಕ್ಟಿಬಲ್ 40 ಆದರೆ ಕೈಗೆ ಬರುವುದು 60. ಬೋನಸ್ ಹೋದ ಕಾರಣಕ್ಕೆ ಮುಂದಿನ ವರ್ಷ 50, ಅದರ ಮುಂದಿನ ವರ್ಷ 30 ಜಾಸ್ತಿ ಕಟ್ಟಬೇಕಾಗಿ ಬಂದರೆ? 60 ಪಡೆಯಲು 80 ಕೊಟ್ಟಂತಾಯಿತು. ಬೋನಸ್ ಎಷ್ಟು ಬೀಳುತ್ತದೆ, ಮತ್ತೆ ಮೇಲೇರಲು ಎಷ್ಟು ವರ್ಷ ಬೇಕು ಎಂಬುದು ಒಂದೊಂದು ಪಾಲಿಸಿಯಲ್ಲಿ ಒಂದೊಂದು ಥರ. ಕೇಳಿಯೇ ತಿಳಿಯಬೇಕು. ಒಂದು ಮಾತು: ಇದು ನಿಮ್ಮ ಕಾರಿಗೆ ಮಾತ್ರ ಆದ ಸಣ್ಣ ಹಾನಿಗೆ. ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ, ಇನ್ನೊಬ್ಬರ ಗಾಡಿಗೆ ತಾಗಿದ್ದರೆ, ಲೆಕ್ಕ ಹಾಕುತ್ತ ಕೂರಬೇಡಿ. ಕೂಡಲೇ ತಿಳಿಸಿ. ಇವತ್ತು "ಪರವಾಗಿಲ್ಲ" ಅಂದವರು ತಿಂಗಳ ನಂತರ ನೋಟಿಸ್ ಕಳಿಸಿದ ಫೈಲುಗಳನ್ನೂ ಆ ಮೇಡಂ ನನಗೆ ತೋರಿಸಿದ್ದಾರೆ.

ಉಳಿದವು ಸಣ್ಣಪುಟ್ಟ ಸಂಗತಿಗಳು. ಆಡ್-ಆನ್, ಅಂದರೆ ಬೇರೆ ದುಡ್ಡು ಕೊಟ್ಟು ಪಾಲಿಸಿಗೆ ಸೇರಿಸಿಕೊಂಡ ಸೌಲಭ್ಯಗಳ ಪಟ್ಟಿ ತೆಗೆದು ನೋಡಿ. ದಾರಿಯಲ್ಲಿ ಕಾರು ಕೆಟ್ಟು ನಿಂತರೆ ನೆರವು ಕೊಡುವ ಸೌಲಭ್ಯ ಕಾರು ಕೊಂಡಾಗಲೇ ಬಂದಿರಬಹುದು. ಸುಮ್ನೆ ಎರಡು ಸಲ ದುಡ್ಡು ಕೊಡುತ್ತಿರುತ್ತೀರಿ. ಕಂತಿನಲ್ಲಿ ಕಟ್ಟುವವರು ಕಂತುಗಳನ್ನೆಲ್ಲ ಕೂಡಿಸಿ, ಒಂದೇ ಸಲ ಕಟ್ಟುವ ಮೊತ್ತದ ಪಕ್ಕ ಇಟ್ಟು ನೋಡಬೇಕು.

ಎಷ್ಟು ಓಡಿಸುತ್ತೀರಿ ಎಂಬುದನ್ನೂ ಹೇಳಿ. ದಿನಾ ಆಫೀಸಿಗೆ ಕಾರಿನಲ್ಲಿ ಹೋಗುತ್ತಿದ್ದವರು ಮನೆಯಿಂದಲೇ ಕೆಲಸ ಶುರು ಮಾಡಿ ಎರಡು ವರ್ಷವಾದರೂ ಹಳೆ ಅಂದಾಜಿಗೇ ದುಡ್ಡು ಕಟ್ಟುತ್ತಿದ್ದುದನ್ನು ನೋಡಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಂತೂ 1988ರಲ್ಲಿ ಜನರೇ ಮತ ಹಾಕಿ ಕಾನೂನು ತಂದರು. ಪ್ರೀಮಿಯಂ ಲೆಕ್ಕದಲ್ಲಿ ಚಾಲನೆಯ ದಾಖಲೆ, ವರ್ಷಕ್ಕೆ ಓಡಿಸುವ ದೂರ, ಓಡಿಸಿದ ಅನುಭವ, ಈ ಮೂರಕ್ಕೇ ಮೊದಲ ಜಾಗ ಎಂದು. ಎಲ್ಲ ಕಡೆ ಹಾಗಿಲ್ಲ. ಆದರೂ ಕಡಿಮೆ ಓಡಿಸುವವರಿಗೆ ಬೇರೆ ದರ ಇದೆಯಾ ಎಂದು ಕೇಳಿದರೆ ನಷ್ಟವೇನಿಲ್ಲ.

ಕೇಳುವಾಗ ನಿಜ ಹೇಳಿ. ಮಗ ದಿನಾ ಓಡಿಸುವ ಕಾರಿಗೆ ಅಪ್ಪ ತನ್ನ ಹೆಸರನ್ನು ಮುಖ್ಯ ಚಾಲಕ ಎಂದು ಬರೆಸುವುದುಂಟು. ಹೊಸ ಚಾಲಕರಿಗೆ ದರ ಜಾಸ್ತಿ ಎಂಬ ಕಾರಣಕ್ಕೆ. ಅಪಘಾತವಾದ ದಿನ ಅದು ಹೊರಬೀಳುತ್ತದೆ. ಆಗ ಕ್ಲೇಮ್ ನಿಂತುಹೋದರೆ, ಅಷ್ಟು ವರ್ಷ ಉಳಿಸಿದ್ದು ಒಂದೇ ದಿನಕ್ಕೆ ಹೋಗುತ್ತದೆ.

ನನ್ನ ಕಡೆಯವರಿಗೆ ಇಷ್ಟವಾಗದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಹಳೆ ಗ್ರಾಹಕರಿಗೆ ಕಡಿಮೆ ದರ ಸಿಗುತ್ತದೆ ಎಂದುಕೊಂಡು ಸುಮ್ಮನಿರಬೇಡಿ. ಎಷ್ಟೋ ಕಡೆ ಉಲ್ಟಾ. ಹೊಸಬರನ್ನು ಸೆಳೆಯಲು ದರ ಇಳಿಸುತ್ತಾರೆ, ಕೇಳದೆ ಕಟ್ಟುವವರಿಗೆ ವರ್ಷ ವರ್ಷ ಏರಿಸುತ್ತಾರೆ. ಬ್ರಿಟನ್‌ನಲ್ಲಿ ಇದು ಎಷ್ಟು ಬೆಳೆದಿತ್ತೆಂದರೆ, ಅಲ್ಲಿನ ನಿಯಂತ್ರಣ ಸಂಸ್ಥೆ 2022ರ ಜನವರಿಯಿಂದ ಅದನ್ನು ನಿಲ್ಲಿಸಬೇಕಾಯಿತು. ಪಾಲಿಸಿ ಮುಗಿಯುವ ಮೂರು ವಾರ ಮೊದಲೇ ಬೇರೆ ಎರಡು ಮೂರು ಕಡೆ ದರ ಕೇಳಿ. ಎಲ್ಲರ ಹತ್ತಿರ ಅದೇ ಬೆಲೆ, ಅದೇ ಡಿಡಕ್ಟಿಬಲ್, ಅದೇ ಆಡ್-ಆನ್ ಇಟ್ಟು ಕೇಳಿ. ಇಲ್ಲದಿದ್ದರೆ ಕಡಿಮೆ ದರದವರು ನಾನು ಮಾಡಿದ್ದನ್ನೇ ಮಾಡಿರಬಹುದು.

ಆ ಹಿರಿಯರು ಆಮೇಲೆ ಇನ್ನೂ ಹಳೆಯ, ಚಿಕ್ಕ ಕಾರೊಂದನ್ನು ಕೊಂಡರು. ಅದರ ಪಾಲಿಸಿಗೂ ನಮಗೇ ಫೋನ್ ಮಾಡಿದರು. ನನಗೇ ಬಂತು ಆ ಕಾಲ್. "ಮೊದಲು ಬೆಲೆ ಸರಿಯಾಗಿ ಬರೀರಮ್ಮ," ಅಂದರು. ಬರೆದೆ. ಆಮೇಲೆ ಡಿಡಕ್ಟಿಬಲ್ ಬಗ್ಗೆ ಕೇಳಿದೆ. ಅವರು ಫೋನ್ ಹಿಡಿದುಕೊಂಡೇ ಹೆಂಡತಿಯನ್ನು ಕರೆದು ಮಾತಾಡಿ ಒಂದು ಮೊತ್ತ ಹೇಳಿದರು. ಆಡ್-ಆನ್ ಒಂದೊಂದನ್ನೂ ಏನು, ಯಾಕೆ ಅಂತ ಕೇಳಿದರು. ಎರಡನ್ನು ತೆಗೆಸಿದರು, ಒಂದನ್ನು ಉಳಿಸಿಕೊಂಡರು. ಕಾಲ್ ಹನ್ನೊಂದು ನಿಮಿಷ ಹಿಡಿಯಿತು. ಆ ತಿಂಗಳ ನನ್ನ ರಿಪೋರ್ಟಿನಲ್ಲಿ ಅದಕ್ಕೆ ಕೆಂಪು ಗುರುತು ಬಿದ್ದಿತ್ತು.